ಕ್ಯಾಪ್ಟನ್‌ಗೆ ಕೇಳಿ: ಆಟೋಪೈಲಟ್ ಕೆಟ್ಟಿದ್ದರೂ ವಿಮಾನ ಹಾರಿಸಬಹುದಾ?

ಬೋಯಿಂಗ್ 737 ಮತ್ತು ಏರ್‌ಬಸ್ 320 ಹಾರಿಸಿ ನಿವೃತ್ತರಾದ ಕ್ಯಾಪ್ಟನ್ ಒಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಅಂಕಣ

ಪ್ರಶ್ನೆ: ನನ್ನ ಮಗ ಒಂದು ವಿಮಾನ ಕಂಪನಿಯಲ್ಲಿ ಕೋ-ಪೈಲಟ್. ಹೋದ ವಾರ ಮನೆಗೆ ಬಂದಿದ್ದ. ಊಟಕ್ಕೆ ಕೂತಾಗ 'ನಿನ್ನೆ ಆಟೋಪೈಲಟ್ ಇಲ್ಲದ ವಿಮಾನ ಹಾರಿಸಿದ್ವಿ ಅಮ್ಮಾ' ಅಂತ ಸಲೀಸಾಗಿ ಹೇಳಿದ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೆಟ್ಟಿದೆ ಅಂತ ಗೊತ್ತಿದ್ದೂ ಜನರನ್ನು ಕೂರಿಸಿಕೊಂಡು ಹೋಗುವುದು ಸರಿಯಾ? ಇದಕ್ಕೆ ಒಪ್ಪಿಗೆ ಕೊಡುವವರು ಯಾರು?
— ಒಬ್ಬ ತಾಯಿ, ಧಾರವಾಡ

ಉತ್ತರ: ಅಮ್ಮಾ, ಮೊದಲು ಒಪ್ಪಿಗೆಯ ವಿಷಯ ಹೇಳುತ್ತೇನೆ. ನಿಮ್ಮ ಭಯ ಇರುವುದು ಅಲ್ಲೇ ಅಲ್ವಾ?

ಪ್ರತಿ ವಿಮಾನ ಕಂಪನಿಯ ಹತ್ತಿರವೂ ಮಿನಿಮಮ್ ಇಕ್ವಿಪ್ಮೆಂಟ್ ಲಿಸ್ಟ್ ಅನ್ನುವ ದಪ್ಪ ಪುಸ್ತಕ ಇರುತ್ತದೆ. ನಾವೆಲ್ಲ ಎಂಇಎಲ್ ಅನ್ನುತ್ತೇವೆ. ಯಾವ ಸಾಧನ ಕೆಟ್ಟಿದ್ದರೆ ಹೊರಡಬಹುದು, ಯಾವುದು ಕೆಟ್ಟರೆ ಹೊರಡಲೇ ಬಾರದು, ಹೊರಡುವುದಾದರೆ ಏನೇನು ಷರತ್ತು ಅಂತ ಅದರಲ್ಲಿ ಬರೆದಿರುತ್ತದೆ. ವಿಮಾನ ತಯಾರಾದ ದೇಶದ ಅಧಿಕಾರಿಗಳು ಒಪ್ಪಿದ ಮೂಲ ಪಟ್ಟಿ ಒಂದಿರುತ್ತದೆ. ಕಂಪನಿಯ ಪಟ್ಟಿ ಅದಕ್ಕಿಂತ ಬಿಗಿ ಇರಬಹುದು, ಸಡಿಲ ಇರುವಂತಿಲ್ಲ. ನಮ್ಮಲ್ಲಿ ಅದಕ್ಕೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಒಪ್ಪಿಗೆ ಬೇಕು. ಪಟ್ಟಿಯಲ್ಲಿ ಹೆಸರಿಲ್ಲದ, ಆದರೆ ಹಾರಾಟದ ಸುರಕ್ಷತೆಗೆ ಸಂಬಂಧಿಸಿದ ಸಾಧನ ಕೆಟ್ಟರೆ ವಿಮಾನ ನಿಂತಲ್ಲೇ ನಿಲ್ಲಬೇಕು.

ಹೀಗೆ ಮುಂದೂಡಿದ ರಿಪೇರಿಗೆ ಗಡುವೂ ಇದೆ. ಅದಕ್ಕೆ ಸಾಧನಗಳನ್ನು ಎ, ಬಿ, ಸಿ, ಡಿ ಅಂತ ವರ್ಗ ಮಾಡಿರುತ್ತಾರೆ. ಬಿ ವರ್ಗದ್ದಾದರೆ 3 ದಿನ, ಸಿ ವರ್ಗಕ್ಕೆ 10 ದಿನ, ಡಿ ವರ್ಗಕ್ಕೆ 120 ದಿನ. ದೋಷ ಬರೆದ ದಿನವನ್ನು ಇದರಲ್ಲಿ ಎಣಿಸುವುದಿಲ್ಲ. ಎ ವರ್ಗದ ಗಡುವನ್ನು ಆಯಾ ಸಾಧನದ ಮುಂದೆಯೇ ಬರೆದಿರುತ್ತಾರೆ. ಎಂಜಿನಿಯರ್ ಟೆಕ್ ಲಾಗ್ ಅನ್ನುವ ವಿಮಾನದ ದಾಖಲೆ ಪುಸ್ತಕದಲ್ಲಿ ಸ್ನ್ಯಾಗ್, ಅಂದರೆ ದೋಷ, ಬರೆದು ಸಹಿ ಹಾಕುತ್ತಾರೆ, ಕಾಕ್‌ಪಿಟ್‌ನಲ್ಲಿ ಆ ಸ್ವಿಚ್ಚಿನ ಪಕ್ಕ 'ಇನಾಪ್' (ಕೆಲಸ ಮಾಡುತ್ತಿಲ್ಲ) ಅಂತ ಸ್ಟಿಕ್ಕರ್ ಅಂಟಿಸುತ್ತಾರೆ. ಇಷ್ಟೆಲ್ಲ ಆದ ಮೇಲೂ ಕೊನೆಯ ಮಾತು ಕ್ಯಾಪ್ಟನ್‌ದು. ಪುಸ್ತಕ ಬಿಟ್ಟರೂ ಕ್ಯಾಪ್ಟನ್ ಬಿಡಬೇಕು ಅಂತಿಲ್ಲ. ಆಟೋಪೈಲಟ್ ವಿಷಯದಲ್ಲಂತೂ ಮೂಲ ಪಟ್ಟಿಗಳಲ್ಲಿ ಇನ್ನೊಂದು ಷರತ್ತು ಸೇರಿಸಿರುತ್ತಾರೆ: ಎಷ್ಟು ಸೆಕ್ಟರ್ (ಒಂದು ಊರಿಂದ ಇನ್ನೊಂದು ಊರಿಗೆ ಒಂದು ಹಾರಾಟ), ಎಷ್ಟು ಹೊತ್ತಿನ ಹಾರಾಟ ಅನ್ನುವುದನ್ನು ಪೈಲಟ್‌ಗಳು ಒಪ್ಪಿರಬೇಕು. ಸುಸ್ತನ್ನು ಲೆಕ್ಕಕ್ಕೆ ತೆಗೆದುಕೊಂಡ ಷರತ್ತು ಅದು.

ಈಗ ನಿಮ್ಮ ಮಗ ಆ ದಿನ ಏನು ಮಾಡಿರಬಹುದು ಅಂತ ನೋಡೋಣ. ಆಟೋಪೈಲಟ್ ಎತ್ತರವನ್ನು ಅಡಿ ಅಡಿ ಲೆಕ್ಕದಲ್ಲಿ ಹಿಡಿದಿಡುತ್ತದೆ. 29 ಸಾವಿರದಿಂದ 41 ಸಾವಿರ ಅಡಿವರೆಗಿನ ಆಕಾಶದಲ್ಲಿ ವಿಮಾನಗಳು ಮೇಲೆ ಕೆಳಗೆ ಬರೀ 1 ಸಾವಿರ ಅಡಿ ಅಂತರದಲ್ಲಿ ಹೋಗುತ್ತವೆ. ಇದಕ್ಕೆ ಆರ್‌ವಿಎಸ್‌ಎಂ ಅಂತ ಹೆಸರು. ಎತ್ತರವನ್ನು ತಾನಾಗಿ ಹಿಡಿಯುವ ವ್ಯವಸ್ಥೆ ಇಲ್ಲದ ವಿಮಾನಕ್ಕೆ ಅಲ್ಲಿ ಜಾಗವಿಲ್ಲ. ಹಾಗಾಗಿ ಆಟೋಪೈಲಟ್ ಇಲ್ಲ ಅಂದ ಕೂಡಲೇ 28 ಸಾವಿರ ಅಥವಾ ಇನ್ನೂ ಕೆಳಗೆ ಪ್ಲಾನ್ ಆಗುತ್ತದೆ. ಕೆಳಗೆ ಗಾಳಿ ದಟ್ಟ, ಜೆಟ್ ಎಂಜಿನ್ ಜಾಸ್ತಿ ಎಣ್ಣೆ ಕುಡಿಯುತ್ತದೆ. ಅದಕ್ಕೆ ಇಂಧನ ಹೆಚ್ಚು ಹಾಕಿಸಬೇಕು. ದಟ್ಟ ಮಂಜಿನಲ್ಲಿ ಇಳಿಸುವುದು ಆಟೋಪೈಲಟ್ಟೇ, ಹಾಗಾಗಿ ಇಳಿಯುವ ಊರಲ್ಲಿ ದಟ್ಟ ಮಂಜು ಇರುತ್ತದೆ ಅಂತ ಮುನ್ಸೂಚನೆ ಇದ್ದರೆ ಆ ವಿಮಾನ ಅಲ್ಲಿಗೆ ಹೊರಡುವುದೇ ಇಲ್ಲ.

ಕೈಯಲ್ಲಿ ಹಾರಿಸುವುದು ಎಷ್ಟು ಕಷ್ಟ ಅಂತ ಕೇಳಿದರೆ, ಹಾರಿಸುವುದು ಕಷ್ಟವಲ್ಲ, ಬಿಡದೆ ಹಾರಿಸುವುದು ಕಷ್ಟ. 460 ನಾಟ್ (ಗಂಟೆಗೆ ಸುಮಾರು 850 ಕಿಮೀ) ವೇಗದಲ್ಲಿ ಮೂಗು ಒಂದೇ ಒಂದು ಡಿಗ್ರಿ ಮೇಲೆದ್ದರೆ ವಿಮಾನ ನಿಮಿಷಕ್ಕೆ ಸುಮಾರು 800 ಅಡಿ ಏರುತ್ತದೆ. ಚಾರ್ಟ್ ತೆಗೆಯಲು ಹಿಂದೆ ತಿರುಗಿ ಮತ್ತೆ ಮುಂದೆ ನೋಡುವಷ್ಟರಲ್ಲಿ 200 ಅಡಿ ಹೋಗಿರುತ್ತದೆ. ತುಂಬಿದ ಕೊಡ ಹೊತ್ತು ನಡೆಯುವಾಗಿನ ಎಚ್ಚರ ಬೇಕು, ಅದೂ ಗಂಟೆಗಟ್ಟಲೆ.

ನಾನು 737 ಹಾರಿಸುತ್ತಿದ್ದ ಕಾಲದಲ್ಲಿ ಒಮ್ಮೆ ಮುಂಬೈಯಿಂದ ಬೆಂಗಳೂರಿಗೆ ರಾತ್ರಿ ಹೀಗೇ ಬರಬೇಕಾಗಿತ್ತು. ಎರಡು ಆಟೋಪೈಲಟ್‌ಗಳ ಮೇಲೂ ಸ್ಟಿಕ್ಕರ್. ಹೊರಡುವ ಮೊದಲು ನಾನೂ ಕೋ-ಪೈಲಟ್ ಹುಡುಗಿಯೂ ಕೂತು ಕೆಲಸ ಹಂಚಿಕೊಂಡೆವು. ಸ್ಟಿಯರಿಂಗ್ ಹಿಡಿದವರು ಬೇರೆ ಏನನ್ನೂ ಮುಟ್ಟುವುದಿಲ್ಲ. ರೇಡಿಯೊ, ಕಂಪ್ಯೂಟರ್‌ಗೆ ದಾರಿ ಹಾಕುವುದು, ಚೆಕ್‌ಲಿಸ್ಟ್, ಎತ್ತರ ಹೊಂದಿಸುವ ಗುಂಡಿ ತಿರುಗಿಸುವುದು ಎಲ್ಲಾ ಇನ್ನೊಬ್ಬರದು. ಅರ್ಧ ದಾರಿಯಲ್ಲಿ ಅದಲು ಬದಲು. ಬೆಂಗಳೂರಿನ ಇಳಿಯುವ ಮಾತುಕತೆಯನ್ನೆಲ್ಲ ಮುಂಬೈಯಲ್ಲಿ ನಿಂತಿದ್ದಾಗಲೇ ಮುಗಿಸಿದೆವು, ಗಾಳಿಯಲ್ಲಿ ಪುಟ ತಿರುವುವ ಕೆಲಸ ಉಳಿಯಬಾರದು ಅಂತ. ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಎಟಿಸಿಗೂ ಮೊದಲೇ ತಿಳಿಸಿದೆವು. ಊಟ ಬೇಡ ಅಂದೆವು. 737ರಲ್ಲಿ ವೇಗ ಬದಲಾದಾಗಲೆಲ್ಲ ಟ್ರಿಮ್ ಮಾಡಬೇಕು, ಅಂದರೆ ಕೈಗೆ ಭಾರ ಬೀಳದ ಹಾಗೆ ಬಾಲದ ರೆಕ್ಕೆಯನ್ನು ಹೊಂದಿಸಬೇಕು. ಆಗ ಮೊಣಕಾಲಿನ ಪಕ್ಕದ ದೊಡ್ಡ ಚಕ್ರ ಟರ್ ಟರ್ ಅಂತ ತಿರುಗುತ್ತದೆ. ಆ ಶಬ್ದ ಕೇಳುತ್ತಾ ಬಂದೆವು. ಏರ್‌ಬಸ್ 320ರಲ್ಲಿ ಈ ಕಷ್ಟ ಕಡಿಮೆ. ಅಲ್ಲಿ ಸೈಡ್‌ಸ್ಟಿಕ್ (ಸ್ಟಿಯರಿಂಗ್ ಬದಲು ಪಕ್ಕದಲ್ಲಿರುವ ಹಿಡಿ) ಬಿಟ್ಟರೂ ವಿಮಾನ ಹಿಡಿದ ದಾರಿಯಲ್ಲೇ ಇರುತ್ತದೆ, ಟ್ರಿಮ್ಮೂ ತಾನೇ ಆಗುತ್ತದೆ.

ನಾನು ಕಲಿಸುವಾಗ ಹುಡುಗರಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಈ ಯಂತ್ರ ಮಾಡುತ್ತಿದ್ದ ಕೆಲಸ ಇವತ್ತು ಯಾರದು? 'ನಮ್ಮಿಬ್ಬರದು ಸರ್' ಅಂದರೆ ನಾನು ಒಪ್ಪುತ್ತಿರಲಿಲ್ಲ. ಇಬ್ಬರದೂ ಅಂದರೆ ಯಾರದೂ ಅಲ್ಲ. ಒಂದು ಕೆಲಸಕ್ಕೆ ಒಬ್ಬರು ಅಂತ ಬಾಯಿ ಬಿಟ್ಟು ಹೇಳಬೇಕು. ಅವತ್ತು ಯಾವ ಕೆಲಸ ಯಾರು ಮಾಡಿದರು ಅಂತ ನಿಮ್ಮ ಮಗನನ್ನು ಕೇಳಿ ನೋಡಿ. ತಡವರಿಸದೆ ಹೇಳಿದರೆ ನೀವು ನೆಮ್ಮದಿಯಾಗಿ ನಿದ್ದೆ ಮಾಡಬಹುದು.

ಪ್ರಶ್ನೆ: ಏಪ್ರಿಲ್ ಬಿಸಿಲಲ್ಲಿ ವಿಮಾನ ಹತ್ತಿದೆವು, ಒಳಗೆ ಎಸಿ ಇಲ್ಲ. ಮಕ್ಕಳು ಅಳುತ್ತಿದ್ದರು. 'ಎಪಿಯು ಕೆಲಸ ಮಾಡುತ್ತಿಲ್ಲ, ಎಂಜಿನ್ ಶುರುವಾದ ಮೇಲೆ ಸರಿಯಾಗುತ್ತೆ' ಅಂದರು. ಎಸಿಯನ್ನೇ ಸರಿ ಮಾಡಲಾಗದವರು ಎಂಜಿನ್ ಸರಿ ಇಟ್ಟಿರುತ್ತಾರಾ?
— ಓದುಗರೊಬ್ಬರು, ಕಲಬುರಗಿ

ಉತ್ತರ: ನಿಮ್ಮ ಸಿಟ್ಟು ನ್ಯಾಯವೇ. ಆದರೆ ಎರಡನ್ನೂ ಒಂದಕ್ಕೊಂದು ಗಂಟು ಹಾಕಬೇಡಿ. ಎಪಿಯು ಅಂದರೆ ವಿಮಾನದ ಬಾಲದ ತುದಿಯಲ್ಲಿರುವ ಪುಟ್ಟ ಜೆಟ್ ಎಂಜಿನ್. ಅದು ವಿಮಾನವನ್ನು ಮುಂದೆ ತಳ್ಳುವುದಿಲ್ಲ. ನೆಲದ ಮೇಲಿದ್ದಾಗ ಕರೆಂಟ್ ಕೊಡುತ್ತದೆ, ಎಸಿಗೆ ಮತ್ತು ಎಂಜಿನ್ ಸ್ಟಾರ್ಟ್ ಮಾಡಲು ಬೇಕಾದ ಒತ್ತಡದ ಗಾಳಿ ಕೊಡುತ್ತದೆ. ಹಾರುವಾಗ ಈ ಎರಡೂ ಕೆಲಸವನ್ನು ದೊಡ್ಡ ಎಂಜಿನ್‌ಗಳೇ ಮಾಡುತ್ತವೆ.

ಎಪಿಯು ಇಲ್ಲದಿದ್ದರೆ ಕರೆಂಟಿಗೆ ನೆಲದಿಂದ ಕೇಬಲ್ ಹಾಕುತ್ತಾರೆ. ಗಾಳಿಗೆ ಏರ್ ಸ್ಟಾರ್ಟರ್ ಅನ್ನುವ ಗಾಡಿ ತಂದು ಪೈಪ್ ಜೋಡಿಸುತ್ತಾರೆ. ನಿಂತ ಜಾಗದಲ್ಲೇ ಒಂದು ಎಂಜಿನ್ ಸ್ಟಾರ್ಟ್ ಮಾಡಿ, ಕೇಬಲ್ ಪೈಪ್ ಬಿಚ್ಚಿಸಿ, ಹಿಂದಕ್ಕೆ ತಳ್ಳಿಸಿಕೊಂಡು, ಆಮೇಲೆ ಆ ಎಂಜಿನ್ನಿನ ಗಾಳಿಯಿಂದ ಎರಡನೆಯದನ್ನು ಎಬ್ಬಿಸುತ್ತಾರೆ. ಆ ಹೊತ್ತಿಗೆ ಎಸಿ ಬರುತ್ತದೆ. ಈ ನಡುವೆ ನೆಲದ ಸಿಬ್ಬಂದಿ ಓಡುತ್ತಿರುವ ಎಂಜಿನ್ನಿನ ಹತ್ತಿರ ಕೆಲಸ ಮಾಡಬೇಕು. ನನಗೆ ಆತಂಕ ಇದ್ದದ್ದು ಅವರ ಬಗ್ಗೆ. ಪೈಪ್ ಬಿಚ್ಚುವ ಹುಡುಗ ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತಾನೆ ಅಂತ ಹೆಡ್‌ಸೆಟ್‌ನಲ್ಲಿ ಮೊದಲೇ ಕೇಳಿಕೊಳ್ಳದೆ ನಾನು ಎಂಜಿನ್ ಸ್ಟಾರ್ಟ್ ಮಾಡುತ್ತಿರಲಿಲ್ಲ.

ಇನ್ನು ಮಕ್ಕಳನ್ನು ಅಷ್ಟು ಬೇಗ ಬಿಸಿ ಡಬ್ಬಿಯೊಳಗೆ ಕೂರಿಸಿದ್ದು ತಪ್ಪು. ತಂಪು ಗಾಳಿ ಊದುವ ಗಾಡಿ ಇದ್ದರೆ ತರಿಸಬೇಕು, ಇಲ್ಲದಿದ್ದರೆ ಹತ್ತಿಸುವುದನ್ನು ತಡ ಮಾಡಬೇಕು.

ಪ್ರಶ್ನೆ: ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ ಸರ್. ಇಂಧನ ತೋರಿಸುವ ಗೇಜ್ ಕೆಟ್ಟರೆ ಏನು ಮಾಡುತ್ತಾರೆ? ಟ್ಯಾಂಕಿಗೆ ಕಡ್ಡಿ ಅದ್ದಿ ನೋಡುತ್ತಾರೆ ಅಂತ ಗೆಳೆಯ ಹೇಳಿದ. ನಾನು ನಂಬಲಿಲ್ಲ.
— ವಿದ್ಯಾರ್ಥಿನಿ, ಹಾಸನ

ಉತ್ತರ: ನಂಬು ಮಗಳೇ, ನಿನ್ನ ಗೆಳೆಯ ಹೇಳಿದ್ದು ಹೆಚ್ಚು ಕಡಿಮೆ ಸರಿ. ಆದರೆ ಮೇಲಿಂದ ಅದ್ದುವುದಲ್ಲ. ರೆಕ್ಕೆಯ ಅಡಿಯಲ್ಲಿ ಅಳತೆ ಕಡ್ಡಿಗಳಿರುತ್ತವೆ, ಕೆಳಗೆ ಎಳೆದು ಓದಬೇಕು. ಎಲ್ಲ ಗೇಜ್‌ಗಳೂ ಕೆಟ್ಟರೆ ಹೊರಡುವಂತಿಲ್ಲ. ಒಂದು ಟ್ಯಾಂಕಿನ ಗೇಜ್ ಕೆಟ್ಟಿದ್ದರೆ ಕಡ್ಡಿಯಿಂದ ಅಳೆದು, ತುಂಬಿಸಿದ್ದು ಎಷ್ಟು ಖರ್ಚಾಗಿದ್ದು ಎಷ್ಟು ಅಂತ ಲೆಕ್ಕ ಹಾಕಿ ಹೋಗಲು ಎಂಇಎಲ್ ಬಿಡಬಹುದು.

ನಿನಗೆ ಲೆಕ್ಕ ಇಷ್ಟ ಇರಬೇಕು. ಒಂದು ನಿಜವಾದ ಲೆಕ್ಕ ಕೊಡುತ್ತೇನೆ. 1983ರ ಜುಲೈ 23. ಏರ್ ಕೆನಡಾದ ಬೋಯಿಂಗ್ 767 ಮಾಂಟ್ರಿಯಲ್‌ನಿಂದ ಒಟ್ಟಾವಾ ಮೇಲೆ ಎಡ್ಮಂಟನ್‌ಗೆ ಹೊರಟಿತ್ತು. ಇಂಧನದ ಗೇಜ್‌ಗಳೆಲ್ಲ ಖಾಲಿ, ಏನೂ ತೋರಿಸುತ್ತಿರಲಿಲ್ಲ. ಬೇಕಾಗಿದ್ದು 22,300 ಕೆಜಿ. ಕಡ್ಡಿಯಿಂದ ಅಳೆದಾಗ ಟ್ಯಾಂಕಿನಲ್ಲಿ 7,682 ಲೀಟರ್ ಇತ್ತು. ಒಂದು ಲೀಟರ್ ವಿಮಾನದ ಇಂಧನ ಸುಮಾರು 0.8 ಕೆಜಿ ತೂಗುತ್ತದೆ. ಅವರ ಕೈಗೆ ಸಿಕ್ಕ ಅಂಕಿ 1.77. ಅದು ಲೀಟರಿಗೆ ಎಷ್ಟು ಪೌಂಡ್ ಅನ್ನುವ ಅಂಕಿ. ಕಂಪನಿಯ ಹಳೆಯ ವಿಮಾನಗಳಲ್ಲಿ ಪೌಂಡ್ ಲೆಕ್ಕ ಇತ್ತು, ಹೊಸ 767 ಮಾತ್ರ ಕೆಜಿಯದ್ದು. 7,682 ಗುಣಿಸು 1.77 ಅಂದರೆ 13,597. ಇಷ್ಟು ಕೆಜಿ ಇದೆ ಅಂದುಕೊಂಡರು. ಉಳಿದದ್ದಕ್ಕೆ ಅಂತ 4,917 ಲೀಟರ್ ಹಾಕಿಸಿದರು. ನಿಜವಾಗಿ ಬೇಕಾಗಿದ್ದು 20 ಸಾವಿರ ಲೀಟರ್. ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ ವಿಮಾನ ಮೇಲೇರಿತು.

41 ಸಾವಿರ ಅಡಿಯಲ್ಲಿ ಹೋಗುತ್ತಿದ್ದಾಗ ಎಚ್ಚರಿಕೆ ಗಂಟೆಗಳು ಶುರುವಾದವು. ಆಮೇಲೆ ಎರಡೂ ಎಂಜಿನ್ ಒಂದಾದ ಮೇಲೆ ಒಂದು ನಿಂತವು. ಕ್ಯಾಪ್ಟನ್ ಬಾಬ್ ಪಿಯರ್ಸನ್‌ಗೆ ಗ್ಲೈಡರ್ ಹಾರಿಸುವ ಅಭ್ಯಾಸ ಇತ್ತು. ಕೋ-ಪೈಲಟ್ ಮಾರಿಸ್ ಕ್ವಿಂಟಾಲ್‌ಗೆ ಗಿಮ್ಲಿ ಅನ್ನುವ ಊರಿನ ಹಳೆಯ ವಾಯುಪಡೆ ರನ್‌ವೇ ಗೊತ್ತಿತ್ತು. ಅಲ್ಲಿ ಆ ದಿನ ಕಾರ್ ರೇಸಿನ ಜನ ಸೇರಿದ್ದರು. ವಿಮಾನವನ್ನು ಅಡ್ಡಡ್ಡ ಜಾರಿಸಿ ಎತ್ತರ ಕಳೆದು ಇಳಿಸಿದರು. ಮುಂದಿನ ಚಕ್ರ ಮಡಚಿಕೊಂಡಿತು. ವಿಮಾನದಲ್ಲಿದ್ದ 69 ಜನರೂ ಬದುಕಿದರು.

ಎಲ್ಲರೂ ಪೌಂಡ್, ಕೆಜಿ ಗೊಂದಲದ ಕತೆ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ತನಿಖೆಯಲ್ಲಿ ಬಂದ ಇನ್ನೊಂದು ಮಾತು. ಹಳೆಯ ವಿಮಾನಗಳಲ್ಲಿ ಮೂರನೆಯವರಾಗಿ ಫ್ಲೈಟ್ ಎಂಜಿನಿಯರ್ ಕೂರುತ್ತಿದ್ದರು, ಇಂಧನದ ಲೆಕ್ಕ ಅವರದು. 767ಕ್ಕೆ ಇಬ್ಬರೇ ಸಾಕು ಅಂತಾಯಿತು. ಮೂರನೆಯವರ ಕುರ್ಚಿ ತೆಗೆದರು. ಅವರ ಲೆಕ್ಕ ಇನ್ನು ಮುಂದೆ ಯಾರದು ಅಂತ ಸ್ಪಷ್ಟವಾಗಿ ಯಾರೂ ಗೊತ್ತುಮಾಡಿರಲಿಲ್ಲ. ಎಲ್ಲರೂ ಕಷ್ಟಪಟ್ಟು ಗುಣಾಕಾರ ಮಾಡಿದರು. 'ಈ ಉತ್ತರ ಸರಿ ಇದೆ, ನಾನು ಹೊಣೆ' ಅನ್ನುವವರು ಇರಲಿಲ್ಲ.

ನಮ್ಮಲ್ಲಿ ಈಗಲೂ ಪೈಲಟ್ ಕೇಳುವುದು ಕೆಜಿಯಲ್ಲಿ, ಇಂಧನದ ಗಾಡಿಯ ಮೀಟರ್ ತೋರಿಸುವುದು ಲೀಟರ್‌ನಲ್ಲಿ. ಹಾಗಾಗಿ ಗೇಜ್ ಸರಿ ಇದ್ದಾಗಲೂ ಲೀಟರನ್ನು ಸಾಂದ್ರತೆಯಿಂದ ಗುಣಿಸಿ ತಾಳೆ ನೋಡುತ್ತೇವೆ. ನಿನಗೆ ಮನೆಯಲ್ಲಿ ಪುರುಸೊತ್ತಿದ್ದಾಗ ಮೇಲಿನ ಲೆಕ್ಕವನ್ನು 0.8 ಹಾಕಿ ಮಾಡಿ ನೋಡು.

ಪ್ರಶ್ನೆ: ಚಿಕ್ಕ ದೋಷ ಅಂತ ಮುಂದೂಡಿ, ಅದರಿಂದಲೇ ದೊಡ್ಡ ಅನಾಹುತ ಆದದ್ದು ಇದೆಯಾ? ಮುಚ್ಚುಮರೆ ಇಲ್ಲದೆ ಹೇಳಿ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇದೆ. 2008ರ ಆಗಸ್ಟ್ 20, ಸ್ಪೇನಿನ ಮ್ಯಾಡ್ರಿಡ್. ಸ್ಪಾನೇರ್ ಕಂಪನಿಯ ಎಂಡಿ-82 ವಿಮಾನ ಹೊರಡಲು ರನ್‌ವೇವರೆಗೆ ಹೋಗಿ ವಾಪಸ್ ಬಂತು. ಹೊರಗಿನ ಗಾಳಿಯ ಉಷ್ಣತೆ ಅಳೆಯುವ ಕೊಳವೆ ನೆಲದ ಮೇಲೇ ಕಾದು ಬಿಸಿಯಾಗಿತ್ತು. ಹಿಮ ಕಟ್ಟದಿರಲಿ ಅಂತ ಅದಕ್ಕೊಂದು ಹೀಟರ್ ಇರುತ್ತದೆ. ಗಾಳಿಯಲ್ಲಿ ಮಾತ್ರ ಹತ್ತಿಕೊಳ್ಳಬೇಕಾದ ಹೀಟರ್ ನೆಲದ ಮೇಲೆ ಹತ್ತಿಕೊಂಡಿತ್ತು. ಎಂಇಎಲ್ ನೋಡಿದರು. ದಾರಿಯಲ್ಲಿ ಹಿಮ ಕಟ್ಟುವ ವಾತಾವರಣ ಇರಲಿಲ್ಲ, ಹೀಟರ್ ಇಲ್ಲದೆ ಹೋಗಬಹುದು ಅಂತಿತ್ತು. ಅದರ ಕರೆಂಟ್ ತೆಗೆದು ವಿಮಾನವನ್ನು ಹೊರಡಲು ಬಿಟ್ಟರು.

ಆದರೆ ಹೀಟರ್ ಯಾಕೆ ಹತ್ತಿಕೊಂಡಿತು? 'ವಿಮಾನ ಗಾಳಿಯಲ್ಲಿದೆ' ಅನ್ನುವ ಸಂಕೇತ ನೆಲದ ಮೇಲಿದ್ದಾಗಲೇ ಹೋಗಿದ್ದರೆ ಹಾಗಾಗುತ್ತದೆ. ಆ ಸಂಕೇತ ಕೊಡುವ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಇನ್ನೊಂದು ವ್ಯವಸ್ಥೆಗೂ ಜೋಡಿಸಿತ್ತು. ಕಡಿಮೆ ವೇಗದಲ್ಲೂ ವಿಮಾನ ಮೇಲೇಳಲು ನೆರವಾಗುವ ರೆಕ್ಕೆಯ ಹಿಂಬದಿಯ ಹಲಗೆ, ಅಂದರೆ ಫ್ಲ್ಯಾಪ್, ಬಿಡದೆ ಟೇಕಾಫ್‌ಗೆ ಹೊರಟರೆ ಕೂಗಿ ಎಚ್ಚರಿಸುವ ಹಾರ್ನ್ ಅದು. ತಡವಾಗಿದೆ ಅನ್ನುವ ಅವಸರದಲ್ಲಿ ಪೈಲಟ್‌ಗಳು ಫ್ಲ್ಯಾಪ್ ಬಿಡುವುದನ್ನು ಮರೆತರು. ಚೆಕ್‌ಲಿಸ್ಟಿನಲ್ಲಿ ಅದು ಹಿಡಿತಕ್ಕೆ ಸಿಗಬೇಕಿತ್ತು, ಸಿಗಲಿಲ್ಲ. ಹಾರ್ನ್ ಕೂಗಲಿಲ್ಲ. ವಿಮಾನ ನೆಲ ಬಿಟ್ಟು ಕೆಲವೇ ಕ್ಷಣಗಳಲ್ಲಿ ಬಿತ್ತು. 172 ಜನರಲ್ಲಿ 154 ಜನ ತೀರಿಕೊಂಡರು.

ಎಂಇಎಲ್ ಪುಸ್ತಕ 'ಇದು ಇಲ್ಲದೆ ಹೋಗಬಹುದು' ಅನ್ನುತ್ತದೆ. 'ಇದು ಯಾಕೆ ಹೀಗಾಯಿತು' ಅನ್ನುವುದನ್ನು ಅದು ಕೇಳುವುದಿಲ್ಲ. ಆ ಪ್ರಶ್ನೆ ಕೇಳಬೇಕಾದವರು ಎಂಜಿನಿಯರ್ ಮತ್ತು ಕ್ಯಾಪ್ಟನ್. ಮ್ಯಾಡ್ರಿಡ್ ಆದ ಮೇಲೆ ನಾನು ಪ್ರತಿ ಸ್ಟಿಕ್ಕರ್ ನೋಡಿದಾಗಲೂ ಎಂಜಿನಿಯರ್‌ಗೆ ಕೇಳುತ್ತಿದ್ದೆ, 'ಇದು ಕೆಟ್ಟಿದ್ದಕ್ಕೆ ಕಾರಣ ಸಿಕ್ಕಿದೆಯಾ, ಅಥವಾ ಇದನ್ನು ಸುಮ್ನೆ ಬಾಯಿ ಮುಚ್ಚಿಸಿದ್ದೀರಾ?' ಅಂತ. ಕೆಲವರಿಗೆ ಸಿಟ್ಟು ಬರುತ್ತಿತ್ತು. ಒಳ್ಳೆಯ ಎಂಜಿನಿಯರ್‌ಗಳು ಡ್ರಾಯಿಂಗ್ ತೆರೆದು ತೋರಿಸುತ್ತಿದ್ದರು.

ಪ್ರಶ್ನೆ: 2010ರ ಅಪಘಾತದ ದಿನ ಮಂಗಳೂರಿನ ರೇಡಾರ್ ಕೆಟ್ಟಿತ್ತು ಅಂತ ಓದಿದ್ದೇನೆ. ಹಾಗಾದರೆ ತಪ್ಪು ರೇಡಾರ್‌ದಾ? ನಮ್ಮ ಪಕ್ಕದ ಮನೆಯವರು ಆ ವಿಮಾನದಲ್ಲಿದ್ದರು.
— ಓದುಗರೊಬ್ಬರು, ಬಜ್ಪೆ

ಉತ್ತರ: ನಿಮ್ಮ ಪಕ್ಕದ ಮನೆಯವರಿಗೆ ನನ್ನ ನಮಸ್ಕಾರ. ಈ ಪ್ರಶ್ನೆಗೆ ತನಿಖಾ ವರದಿ ಹೇಳಿದ್ದನ್ನಷ್ಟೇ ಆಧಾರವಾಗಿಟ್ಟು ಉತ್ತರಿಸುತ್ತೇನೆ.

2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 737 ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಜನ ಹೋದರು. ಮಂಗಳೂರಿನ ಏರಿಯಾ ರೇಡಾರ್ ಮೇ 20ರಿಂದ ಕೆಲಸ ಮಾಡುತ್ತಿರಲಿಲ್ಲ, ಪೈಲಟ್‌ಗಳಿಗೆ ಆ ಸೂಚನೆ ಹೋಗಿತ್ತು. ರೇಡಾರ್ ಇಲ್ಲದಿದ್ದರೆ ಕಂಟ್ರೋಲರ್‌ಗೆ ವಿಮಾನಗಳು ಕಾಣುವುದಿಲ್ಲ. ಪೈಲಟ್ ಹೇಳುವ ದೂರ, ಎತ್ತರ ಬರೆದುಕೊಂಡು ಅಂತರ ಕಾಯಬೇಕು. ಹಾಗಾಗಿ ಇಳಿಯಲು ಅನುಮತಿ ತಡವಾಗಿ ಸಿಕ್ಕಿತು. 37 ಸಾವಿರ ಅಡಿಯಲ್ಲಿದ್ದ ವಿಮಾನ 77 ನಾಟಿಕಲ್ ಮೈಲಿ ದೂರದಲ್ಲಿ ಇಳಿಯಲು ಶುರು ಮಾಡಿತು.

ಪೈಲಟ್‌ಗಳ ಬಾಯಿಲೆಕ್ಕ ಒಂದಿದೆ. ಪ್ರತಿ ಸಾವಿರ ಅಡಿ ಇಳಿಯಲು 3 ಮೈಲಿ. 37 ಸಾವಿರಕ್ಕೆ 111 ಮೈಲಿ ಬೇಕು. ಮಂಗಳೂರಿನ ಆ ದಿನದ ಅಪ್ರೋಚ್‌ನಲ್ಲಿ (ರನ್‌ವೇಗೆ ಇಳಿದು ಬರುವ ಹಂತ) ಬಳಸು ದಾರಿಯಿಂದ ಒಂದಷ್ಟು ಮೈಲಿ ಜಾಸ್ತಿ ಸಿಗುತ್ತದೆ, ಆದರೂ ಸಾಲದು. ಸಾಲದಿದ್ದರೆ ಮಾಡುವುದು ಗೊತ್ತಿರುವ ಕೆಲಸವೇ: ಮೇಲೆ ಒಂದು ಸುತ್ತು ಹೊಡೆದು ಎತ್ತರ ಕಳೆದುಕೊಂಡು ಬರುವುದು. ಅದಾಗಲಿಲ್ಲ. ಕ್ಯಾಪ್ಟನ್ ಹಾರಾಟದಲ್ಲಿ ತುಂಬಾ ಹೊತ್ತು ನಿದ್ದೆಯಲ್ಲಿದ್ದು ಎದ್ದಿದ್ದರು. ವಿಮಾನ ಎತ್ತರದಲ್ಲೇ, ವೇಗದಲ್ಲೇ ರನ್‌ವೇ ಕಡೆ ಹೋಯಿತು. ಕೋ-ಪೈಲಟ್ ಮೂರು ಸಲ ಗೋ ಅರೌಂಡ್, ಅಂದರೆ ಇಳಿಯುವುದು ಬಿಟ್ಟು ಮತ್ತೆ ಮೇಲೇರೋಣ, ಅಂದರು. 8,033 ಅಡಿ ರನ್‌ವೇಯಲ್ಲಿ ಸುಮಾರು 5,200 ಅಡಿ ಮುಗಿದ ಮೇಲೆ ಚಕ್ರ ನೆಲ ಮುಟ್ಟಿತು.

ವರದಿ ಸ್ಥಿರವಲ್ಲದ ಆ ಅಪ್ರೋಚನ್ನು ಕ್ಯಾಪ್ಟನ್ ಕೈಬಿಡದೆ ಇದ್ದದ್ದೇ ನೇರ ಕಾರಣ ಅಂದಿತು. ರೇಡಾರ್ ಇಲ್ಲದೆ ಇಳಿತ ತಡವಾದದ್ದನ್ನು ಕಾರಣಕ್ಕೆ ಜೊತೆಗೂಡಿದ ಸಂಗತಿ ಅಂತ ಹೆಸರಿಸಿತು. ನಾನು ಇದನ್ನು ಹೀಗೆ ಓದುತ್ತೇನೆ: ರೇಡಾರ್ ಮಾಡುತ್ತಿದ್ದ ಒಂದು ಕೆಲಸ ಆ ದಿನ ಕಾಕ್‌ಪಿಟ್‌ಗೆ ಬಂದಿತ್ತು. ಬೇರೆ ದಿನಗಳಲ್ಲಿ ರೇಡಾರ್ ಇದ್ದುದರಿಂದ ಸಲೀಸಾಗಿ ಸಿಗುತ್ತಿದ್ದ ಇಳಿತದ ದಾರಿಯನ್ನು ಆ ದಿನ ಪೈಲಟ್‌ಗಳೇ ಕೂಡಿ ಕಳೆದು ಕಟ್ಟಿಕೊಳ್ಳಬೇಕಿತ್ತು. ಆ ಕೆಲಸವನ್ನು ಯಾರೂ ಎತ್ತಿಕೊಳ್ಳಲಿಲ್ಲ. ಕೆಟ್ಟ ರೇಡಾರ್ ಮೇಲೆ ಎಲ್ಲ ಹೊರಿಸುವುದೂ ಸರಿಯಲ್ಲ, ಅದು ಲೆಕ್ಕಕ್ಕಿಲ್ಲ ಅನ್ನುವುದೂ ಸರಿಯಲ್ಲ.

ಪ್ರಶ್ನೆ: ಯಂತ್ರಗಳೇ ಎಲ್ಲ ಮಾಡುವುದರಿಂದ ಪೈಲಟ್‌ಗಳು ಹಾರಿಸುವುದನ್ನೇ ಮರೆಯುತ್ತಿದ್ದಾರೆ ಅನ್ನುತ್ತಾರೆ. ನಿಜವಾ?
— ನಿವೃತ್ತ ಶಿಕ್ಷಕರು, ಮಂಡ್ಯ

ಉತ್ತರ: ಮೇಷ್ಟ್ರೇ, ಅರ್ಧ ನಿಜ. ಅಭ್ಯಾಸ ತಪ್ಪಿದರೆ ಕೈ ಮರೆಯುತ್ತದೆ. 2013ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಕೂಡ, ಸಂದರ್ಭ ಸರಿ ಇದ್ದಾಗ ಪೈಲಟ್‌ಗಳಿಗೆ ಕೈಯಲ್ಲಿ ಹಾರಿಸಲು ಬಿಡಿ ಅಂತ ಕಂಪನಿಗಳಿಗೆ ಸೂಚನೆ ಕೊಟ್ಟಿತು. ಅದೇ ವರ್ಷ ಜುಲೈ 6ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏಷಿಯಾನಾ ಕಂಪನಿಯ 777 ಅಪಘಾತವಾಯಿತು. ಇಳಿಯುವ ಇಳಿಜಾರನ್ನು ರೇಡಿಯೊ ಸಂಕೇತದಿಂದ ತೋರಿಸುವ ಗ್ಲೈಡ್‌ಸ್ಲೋಪ್ ರನ್‌ವೇ ಕಾಮಗಾರಿಯಿಂದ ಬಂದ್ ಆಗಿತ್ತು. ಆಕಾಶ ನಿಚ್ಚಳ, ರನ್‌ವೇ ಕಣ್ಣೆದುರು, ಇಳಿಯುವ ಕೋನ ಸರಿ ಇದೆಯಾ ಅಂತ ತೋರಿಸುವ ಪಕ್ಕದ ಪಿಎಪಿಐ ದೀಪಗಳೂ ಉರಿಯುತ್ತಿದ್ದವು. ಆದರೂ ಗ್ಲೈಡ್‌ಸ್ಲೋಪ್ ಇಲ್ಲದೆ ಇಳಿಸುವುದು ತನಗೆ ತುಂಬಾ ಒತ್ತಡ ತಂದಿತು ಅಂತ ಆ ಪೈಲಟ್ ತನಿಖೆಯಲ್ಲಿ ಹೇಳಿದರು. ವೇಗವನ್ನು ಆಟೋಥ್ರಾಟಲ್ (ಎಂಜಿನ್ ಶಕ್ತಿಯನ್ನು ತಾನಾಗಿ ಹೊಂದಿಸುವ ಯಂತ್ರ) ನೋಡಿಕೊಳ್ಳುತ್ತದೆ ಅಂದುಕೊಂಡಿದ್ದರು. ಅದು ಆ ಹೊತ್ತಿನಲ್ಲಿ ವೇಗ ಕಾಯುವ ಸ್ಥಿತಿಯಲ್ಲಿರಲಿಲ್ಲ. 137 ನಾಟ್ ಇರಬೇಕಾದ ವೇಗ 103ಕ್ಕೆ ಇಳಿಯಿತು. ಬಾಲ ಕಡಲ ತಡೆಗೋಡೆಗೆ ಬಡಿಯಿತು. 307 ಜನರಲ್ಲಿ ಮೂವರು ತೀರಿಕೊಂಡರು.

ಬೆಂಗಳೂರಿನ ಹಿರಿಯರಿಗೆ ಇದನ್ನು ಓದಿದಾಗ 1990ರ ಫೆಬ್ರವರಿ 14 ನೆನಪಾಗಬೇಕು. ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ಎ320, ಎಚ್‌ಎಎಲ್ ರನ್‌ವೇಗೆ ಸ್ವಲ್ಪ ಮೊದಲೇ, ಗಾಲ್ಫ್ ಮೈದಾನದ ಹತ್ತಿರ ಬಿತ್ತು. 146 ಜನರಲ್ಲಿ 92 ಜನ ಹೋದರು. ಅಲ್ಲೂ ಎಂಜಿನ್‌ಗಳು ಐಡಲ್‌ನಲ್ಲಿದ್ದವು (ತೀರಾ ಕಡಿಮೆ ಶಕ್ತಿಯಲ್ಲಿ ಓಡುತ್ತಿದ್ದವು), ವೇಗ ಸೋರಿಹೋಗುತ್ತಿತ್ತು, ಅದು ಗಮನಕ್ಕೆ ಬರುವ ಹೊತ್ತಿಗೆ ತಡವಾಗಿತ್ತು. ಎರಡು ಕಡೆಯೂ ವಿಮಾನದಲ್ಲಿ ಕೆಟ್ಟ ಯಂತ್ರವೇ ಇರಲಿಲ್ಲ. ವೇಗ ಕಾಯುವ ಕೆಲಸ ಯಂತ್ರ ಮಾಡುತ್ತಿದೆ ಅಂತ ಮನುಷ್ಯರು ನಂಬಿದ್ದರು, ಅದು ಮಾಡುತ್ತಿರಲಿಲ್ಲ. ಸ್ಟಿಕ್ಕರ್ ಅಂಟಿಸಿದ ಯಂತ್ರಕ್ಕಿಂತ ಇಂಥದ್ದೇ ನನಗೆ ಹೆಚ್ಚು ಹೆದರಿಕೆ ತರುವುದು. ಸ್ಟಿಕ್ಕರ್ ಇದ್ದರೆ ಕನಿಷ್ಠ ಗೊತ್ತಿರುತ್ತದೆ.

ಇನ್ನೊಂದು ಅರ್ಧ ಹೇಳುತ್ತೇನೆ. ಯಂತ್ರ ಹಠಾತ್ತಾಗಿ ಕೈಬಿಟ್ಟಾಗ ಬೇಕಾಗುವ ಪಾಠ ಬಹಳ ಚಿಕ್ಕದು, ಕಲಿಯಬಹುದಾದದ್ದು. ಏರ್‌ಬಸ್ 320ರಲ್ಲಿ ವೇಗದ ಮಾಪಕ ನಂಬಲಾಗದ ಹಾಗಾದರೆ ಆಟೋಪೈಲಟ್, ಆಟೋಥ್ರಸ್ಟ್ (ಏರ್‌ಬಸ್‌ನ ಆಟೋಥ್ರಾಟಲ್), ಫ್ಲೈಟ್ ಡೈರೆಕ್ಟರ್ (ಮೂಗು ಎತ್ತ ಇಡಬೇಕು ಅಂತ ಪರದೆಯಲ್ಲಿ ತೋರಿಸುವ ಗೆರೆಗಳು) ಮೂರನ್ನೂ ತೆಗೆ. 10 ಸಾವಿರ ಅಡಿ ಮೇಲಿದ್ದರೆ ಮೂಗು 5 ಡಿಗ್ರಿ ಮೇಲೆ, ಎಂಜಿನ್‌ಗೆ ಕ್ಲೈಂಬ್ ಪವರ್ (ಏರುವಾಗಿನ ಶಕ್ತಿ). ವಿಮಾನ ಬೀಳುವುದಿಲ್ಲ, ಯೋಚಿಸಲು ಸಮಯ ಸಿಗುತ್ತದೆ. 2009ರ ಜೂನ್ 1ರಂದು ರಿಯೊದಿಂದ ಪ್ಯಾರಿಸ್‌ಗೆ ಹೋಗುತ್ತಿದ್ದ ಏರ್ ಫ್ರಾನ್ಸ್ ಎ330ರಲ್ಲಿ ವೇಗ ಅಳೆಯುವ ಕೊಳವೆಗೆ ಹಿಮ ಕಟ್ಟಿ ಆಟೋಪೈಲಟ್ ಬಿಟ್ಟುಹೋಯಿತು. ಅಳತೆ ಒಂದು ನಿಮಿಷದೊಳಗೆ ಸರಿಯಾಯಿತು. ಅಷ್ಟರಲ್ಲಿ ಮೂಗು ಎತ್ತಿ ಎತ್ತಿ ವಿಮಾನ ಸ್ಟಾಲ್ ಆಗಿತ್ತು, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾಗದ ಸ್ಥಿತಿಗೆ ಬಂದಿತ್ತು. 228 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಈಗ ಸಿಮ್ಯುಲೇಟರ್‌ನಲ್ಲಿ ಇದನ್ನು ಎಲ್ಲರಿಗೂ ಮಾಡಿಸುತ್ತಾರೆ. ಮಾಡಿಸಲೇಬೇಕು. ಹವೆ ಚೆನ್ನಾಗಿರುವ ದಿನ, ದಟ್ಟಣೆ ಕಡಿಮೆ ಇರುವ ಊರಲ್ಲಿ ಆಟೋಪೈಲಟ್ ತೆಗೆದು ಇಳಿಸಲು ಹುಡುಗರಿಗೆ ಅವಕಾಶ ಕೊಡದ ಕ್ಯಾಪ್ಟನ್‌ಗಳ ಬಗ್ಗೆ ನನಗೆ ಬೇಸರವಿದೆ.

ಪ್ರಶ್ನೆ: ಜನವರಿಯ ಮಂಜಿನಲ್ಲಿ ಬೆಂಗಳೂರಲ್ಲಿ ಕೆಲವು ವಿಮಾನ ಇಳಿದವು, ನಮ್ಮದು ಮಾತ್ರ ಚೆನ್ನೈಗೆ ಹೋಯಿತು. ಯಾಕೆ?
— ಓದುಗರೊಬ್ಬರು, ತುಮಕೂರು

ಉತ್ತರ: ದಟ್ಟ ಮಂಜಿನಲ್ಲಿ ಇಳಿಸುವುದು ಆಟೋಪೈಲಟ್, ಕೈಯಲ್ಲ. ಅದಕ್ಕೆ ಮೂರೂ ತಯಾರಿರಬೇಕು: ರನ್‌ವೇ, ವಿಮಾನ, ಪೈಲಟ್‌ಗಳ ತರಬೇತಿ. ಬೆಂಗಳೂರಿನ ದಕ್ಷಿಣದ ರನ್‌ವೇಗೆ ಕ್ಯಾಟ್ ತ್ರೀ ಬಿ, ಅಂದರೆ ತೀರಾ ಕಡಿಮೆ ಕಾಣುವಾಗಲೂ ಇಳಿಯಲು ಬೇಕಾದ, ವ್ಯವಸ್ಥೆ ಇದೆ. ಆದರೆ ವಿಮಾನದಲ್ಲಿ ಆಟೋಲ್ಯಾಂಡ್‌ಗೆ (ತಾನಾಗಿ ಇಳಿಯಲು) ಬೇಕಾದ ಒಂದು ಸಾಧನ ಕೆಟ್ಟಿದ್ದರೂ, ಪೈಲಟ್ ಒಬ್ಬರಿಗೆ ಆ ಅರ್ಹತೆ ಇಲ್ಲದಿದ್ದರೂ ಮಾಮೂಲಿ ಕ್ಯಾಟ್ ಒನ್ ಲೆಕ್ಕಕ್ಕೆ ಬರಬೇಕು. ಅದಕ್ಕೆ ರನ್‌ವೇಯಲ್ಲಿ ಸುಮಾರು 550 ಮೀಟರ್ ದೂರ ಕಾಣಬೇಕು, 200 ಅಡಿ ಎತ್ತರದಲ್ಲಿ ದೀಪ ಕಾಣದಿದ್ದರೆ ಮೇಲೇಳಬೇಕು. ನಿಮ್ಮ ಕ್ಯಾಪ್ಟನ್ ಚೆನ್ನೈಗೆ ಹೋದದ್ದು ಸರಿ.

ಪ್ರಶ್ನೆ: ಪ್ರಯಾಣಿಕರು 'ಇವತ್ತು ಏನೇನು ಕೆಟ್ಟಿದೆ' ಅಂತ ಕೇಳಬಹುದಾ?
— ಓದುಗರೊಬ್ಬರು, ಉಡುಪಿ

ಉತ್ತರ: ಕೇಳಬಹುದು. ಪೂರ್ತಿ ಪಟ್ಟಿ ಓದಿ ಹೇಳುವ ಪದ್ಧತಿ ಇಲ್ಲ, ಹೇಳಿದರೂ ಬರೀ ಹೆಸರುಗಳಿಂದ ನಿಮಗೆ ಪ್ರಯೋಜನವಿಲ್ಲ. ಅದಕ್ಕಿಂತ ನಿಮ್ಮ ಕಣ್ಣಿಗೆ ಬಿದ್ದದ್ದನ್ನು ಹೇಳಿ. ಸೀಟ್‌ಬೆಲ್ಟಿನ ಕೊಂಡಿ ಹಿಡಿಯುತ್ತಿಲ್ಲ, ತುರ್ತು ಬಾಗಿಲಿನ ದಾರಿ ತೋರಿಸುವ ದೀಪ ಉರಿಯುತ್ತಿಲ್ಲ ಅಂತ ಕಂಡರೆ ಬಾಗಿಲು ಹಾಕುವ ಮೊದಲೇ ಗಗನಸಖಿಯರಿಗೆ ತಿಳಿಸಿ. ಅವರು ಅದನ್ನು ಲಾಗ್‌ನಲ್ಲಿ ಬರೆಯುತ್ತಾರೆ. ಅವಕ್ಕೂ ಎಂಇಎಲ್ ಇದೆ. ಬೆಲ್ಟ್ ಕೆಟ್ಟ ಸೀಟಿನಲ್ಲಿ ಯಾರನ್ನೂ ಕೂರಿಸುವಂತಿಲ್ಲ, ವಿಮಾನ ತುಂಬಿದ್ದರೂ ಸರಿ.